ಈಕ್ಕಾಡಿನ ಪಾದ್ರಿ ಮತ್ತು ನಿವೃತ್ತಿಯ ಪ್ರಶ್ನೆ

ಸರ್ಕಾರಿ ನೌಕರನಿಗೆ ನಿವೃತ್ತಿ ಎಂದರೆ ಒಂದು ತಾರೀಖು. ಆ ದಿನ ಸಂಜೆ ಕಚೇರಿಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು, ಒಂದು ಗ್ರೂಪ್ ಫೋಟೋ, ಮರುದಿನದಿಂದ ಪಿಂಚಣಿ. ನಮ್ಮ ಹಳೆಯ ಶಾಸ್ತ್ರಗಳು ಪ್ರವೃತ್ತಿ, ನಿವೃತ್ತಿ ಎಂದು ಜೋಡಿಯಾಗಿ ಹೇಳುತ್ತಿದ್ದ ನಿವೃತ್ತಿ ಬೇರೆಯದೇ: ಲೋಕದ ಹಂಬಲಗಳಿಂದ ಮನಸ್ಸು ಹಿಂದೆ ಸರಿಯುವುದು. ಇವೆರಡಕ್ಕೂ ಸೇರದ ಮೂರನೆಯ ಅರ್ಥವೊಂದನ್ನು ಮೆಥಡಿಸ್ಟ್ ಕ್ರೈಸ್ತರು ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಬಳಸಿಕೊಂಡು ಬಂದಿದ್ದಾರೆ. ವಯಸ್ಸಾಗಿ ಊರಿನ ಹೊಣೆ ಬಿಟ್ಟುಕೊಟ್ಟ ಪಾದ್ರಿಯನ್ನು ಅವರ ಹಳೆಯ ಪರಿಭಾಷೆಯಲ್ಲಿ ಸೂಪರ್‌ನ್ಯೂಮರರಿ ಎನ್ನುತ್ತಾರೆ. ಮಂಜೂರಾದ ಹುದ್ದೆಗಳ ಲೆಕ್ಕಕ್ಕೆ ಹೊರತಾದವನು ಎಂದರ್ಥ; ನಮ್ಮ ಸರ್ಕಾರಿ ಆದೇಶಗಳಲ್ಲೂ ಆ ಪದಕ್ಕೆ ಇದೇ ಅರ್ಥ. ಸಂಬಳ ಹೋಗುತ್ತದೆ, ಚರ್ಚಿನ ಬಂಗಲೆ ಹೋಗುತ್ತದೆ, ಸಭೆಯಲ್ಲಿ ಕೊನೆಯ ಮಾತು ಹೇಳುವ ಅಧಿಕಾರವೂ ಹೋಗುತ್ತದೆ. ದೀಕ್ಷೆ ಮಾತ್ರ ಹೋಗುವುದಿಲ್ಲ. ಹುದ್ದೆಯಿಲ್ಲದ ಆದರೆ ಹೊಣೆಯಿರುವ ಈ ಸ್ಥಿತಿ ಸಮಾಜಸೇವೆಗೆ ಬಹಳ ಹದವಾದ ಸ್ಥಿತಿ. ಆದರೆ ಅದರ ಬೆಲೆಯನ್ನು ಮುದುಕನೊಬ್ಬನ ಕರುಣೆಯಿಂದ ಅಳೆಯುವಂತಿಲ್ಲ. ಬಡವರ ಕೈಗೆ ಅವರ ಹಕ್ಕಿನ ಕಾಗದ ಎಷ್ಟರಮಟ್ಟಿಗೆ ಬಂತು ಎಂಬುದರಿಂದ ಅಳೆಯಬೇಕು. ಚೆನ್ನೈ ನಗರ ಮತ್ತು ಅದರ ಪಶ್ಚಿಮಕ್ಕಿರುವ ತಿರುವಳ್ಳೂರು ಸೀಮೆಯ ಚರಿತ್ರೆ ಈ ಮಾತಿಗೆ ಆಧಾರ ಒದಗಿಸುತ್ತದೆ.

ಮೆಥಡಿಸ್ಟ್ ಪಾದ್ರಿ ಬದುಕುವ ಕ್ರಮ ತಿಳಿದರೆ ಉಳಿದದ್ದು ಅರ್ಥವಾದೀತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಕಟ್ಟಿದ ಈ ಪಂಥದಲ್ಲಿ ಬೋಧಕ ಒಂದೇ ಊರಿನಲ್ಲಿ ಬೇರೂರಬಾರದೆಂಬುದು ನಿಯಮ. ಹಲವು ಊರುಗಳನ್ನು ಸೇರಿಸಿ ಒಂದು ಸರ್ಕಿಟ್. ಅದರಲ್ಲಿ ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಸುತ್ತಬೇಕು. ಕೆಲವು ವರ್ಷಕ್ಕೆ ಮತ್ತೊಂದು ಸರ್ಕಿಟ್‌ಗೆ ವರ್ಗ. ಹೀಗೆ ಮೂವತ್ತು ನಲವತ್ತು ವರ್ಷ ವರ್ಗದ ಮೇಲೆ ವರ್ಗವಾಗುತ್ತ, ಚರ್ಚ್ ಕೊಟ್ಟ ಮನೆಗಳಲ್ಲೇ ಸಂಸಾರ ಮಾಡಿದವನಿಗೆ ಕೊನೆಗೆ ಸ್ವಂತದ್ದೊಂದು ಸೂರಿನ ಚಿಂತೆ ಹುಟ್ಟುವುದೇ ನಿವೃತ್ತಿಯಾದಾಗ. ಬಾಡಿಗೆ ಎಷ್ಟು, ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ರೇಷನ್ ಕಾರ್ಡಿನ ವಿಳಾಸ ಬದಲಿಸಲು ಯಾವ ಕಿಟಕಿಗೆ ಹೋಗಬೇಕು ಎಂಬಂಥ ಸಾಮಾನ್ಯ ಜನರ ತಾಪತ್ರಯಗಳನ್ನು ಆತ ಅರವತ್ತರ ಮೇಲೆ ಮೊದಲ ಸಲ ತಾನೇ ಉಣ್ಣಬೇಕಾಗುತ್ತದೆ. ಇದು ಕಷ್ಟವೇ. ಆದರೆ ಈ ಕಷ್ಟವೇ ಅವನನ್ನು ಬಂಗಲೆಯಿಂದ ಬೀದಿಗೆ ಇಳಿಸುತ್ತದೆ, ಬೀದಿಯವರ ಸಾಲಿನಲ್ಲಿ ನಿಲ್ಲಿಸುತ್ತದೆ. ವೆಸ್ಲಿಯ ಮುಪ್ಪನ್ನೇ ನೋಡಿ. 1785ರ ಜನವರಿಯಲ್ಲಿ, 81ನೆಯ ವಯಸ್ಸಿನಲ್ಲಿ, ಬಡವರಿಗೆ ಬಟ್ಟೆ ಕೊಡಿಸಲು 200 ಪೌಂಡ್ ಬೇಕಾಗಿ ಅವರು ಲಂಡನ್ನಿನ ಬೀದಿಗಳಲ್ಲಿ ಕಣಕಾಲು ಮುಳುಗುವ ಕರಗಿದ ಹಿಮದಲ್ಲಿ ದಿನಗಟ್ಟಲೆ ನಡೆದು ಮನೆ ಮನೆಯಲ್ಲಿ ಬೇಡಿದರು. ಇನ್ನೊಂದು ಸಂಗತಿ 1791ರ ಫೆಬ್ರವರಿ 24ರದ್ದು. ಆಗ ಅವರಿಗೆ 87. ಗುಲಾಮರ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ ಹಿಡಿದ ಕೆಲಸ ಬಿಡಬೇಡಿ ಎಂದು ಕಾಗದ ಬರೆದರು. ಆರು ದಿನ ಕಳೆದು ಮಾರ್ಚ್ 2ರಂದು ತೀರಿಕೊಂಡರು. ಬಟ್ಟೆಗೆಂದು ಬೇಡಿ ತಂದದ್ದು ಒಂದು ಚಳಿಗಾಲಕ್ಕೆ ಆಯಿತು. ಆ ಕಾಗದ ಬೆಂಬಲಿಸಿದ ಹೋರಾಟ 1807ರಲ್ಲಿ ಗುಲಾಮರ ವ್ಯಾಪಾರವನ್ನೇ ಕಾನೂನುಬಾಹಿರವಾಗಿಸಿತು. ಎರಡೂ ಸೇವೆಯೇ. ಆದರೆ ಎರಡನೆಯದರ ಫಲ ಮುದುಕ ಸತ್ತ ಮೇಲೂ ಬೆಳೆಯಿತು.

ಈ ಪಂಥ ಮದ್ರಾಸಿಗೆ ಬಂದದ್ದು ಸಿಂಹಳದ ದಾರಿಯಿಂದ. ಜೇಮ್ಸ್ ಲಿಂಚ್ ಎಂಬ ಬೋಧಕರು 1817ರಲ್ಲಿ ಜಾಫ್ನಾದಿಂದ ಬಂದು ಇಲ್ಲಿ ನೆಲೆಯೂರಿದರು. ರಾಯಪೇಟೆ ಅವರ ಮುಖ್ಯ ಠಾಣ್ಯವಾಯಿತು. ವೆಸ್ಲಿ ಹೆಸರಿನ ಚರ್ಚು, ಶಾಲೆಗಳು ಅಲ್ಲಿ ಬೆಳೆದವು. ಮೈಲಾಪುರದಲ್ಲಿ ಕಲ್ಯಾಣಿ ಆಸ್ಪತ್ರೆ ಬಂತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಮತ್ತು ಬ್ರಿಟಿಷ್ ಮೂಲದ ಮೆಥಡಿಸ್ಟರು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಅದರ ಕೇಂದ್ರ ಕಚೇರಿ ಇವತ್ತಿಗೂ ರಾಯಪೇಟೆಯ ವೈಟ್ಸ್ ರಸ್ತೆಯಲ್ಲೇ ಇದೆ. ಅಮೆರಿಕನ್ ಮೂಲದ ಮೆಥಡಿಸ್ಟರು ಆ ಕೂಟಕ್ಕೆ ಸೇರದೆ ಬೇರೆಯಾಗಿಯೇ ಉಳಿದರು. ವೇಪೇರಿಯ ಎಮ್ಯಾನುಯೆಲ್ ಚರ್ಚು ಅವರದು. ಕನ್ನಡ ನಾಡಿಗೂ ಈ ಎರಡು ಧಾರೆ ಹೊಸತಲ್ಲ. ಮೈಸೂರಿನ ಹಾರ್ಡ್ವಿಕ್ ಶಾಲೆ, ಜನ ಬರೀ ‘ಮಿಷನ್ ಆಸ್ಪತ್ರೆ’ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಾಸನದ ರೆಡ್‌ಫರ್ನ್ ಆಸ್ಪತ್ರೆ ಮೊದಲನೆಯ ಧಾರೆಯ ಕೆಲಸ. ಕೋಲಾರ, ಬೀದರಿನ ಮೆಥಡಿಸ್ಟ್ ಆಸ್ಪತ್ರೆಗಳು ಎರಡನೆಯದರ ಕೆಲಸ.

ಇನ್ನು ಮುಖ್ಯ ವ್ಯಕ್ತಿಗೆ ಬರೋಣ. ವಿಲಿಯಂ ಗೌಡಿ 1857ರಲ್ಲಿ ಹುಟ್ಟಿದ್ದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ. ಭಾರತಕ್ಕೆ ಬಂದದ್ದು 1882ರಲ್ಲಿ. ಅವರ ಹೆಸರು ಅಂಟಿಕೊಂಡದ್ದು ತಿರುವಳ್ಳೂರಿಗೆ ಮತ್ತು ಅದರ ಮಗ್ಗುಲಿನ ಈಕ್ಕಾಡು ಎಂಬ ಹಳ್ಳಿಗೆ. ಇವತ್ತು ಚೆನ್ನೈಯ ಲೋಕಲ್ ರೈಲು ಓಡುವ ಈ ಪ್ರದೇಶ ಆಗ ಚೆಂಗಲ್ಪಟ್ಟು ಜಿಲ್ಲೆಗೆ ಸೇರಿತ್ತು. ಭತ್ತದ ಗದ್ದೆಗಳ ಸೀಮೆ. ಗದ್ದೆಯಲ್ಲಿ ದುಡಿಯುವವರು ಅಂದಿನ ದಾಖಲೆಗಳು ಪರಯರೆಂದು ಬರೆಯುವ ದಲಿತರು. ಗದ್ದೆಯ ಒಡೆತನ ಮಿರಾಸುದಾರರದು, ಅಂದರೆ ವಂಶಪಾರಂಪರ್ಯ ಹಕ್ಕಿನ ಒಡೆಯರದು. ಮದುವೆಗೆ ಪಡೆದ ಸಣ್ಣ ಸಾಲಕ್ಕೆ ಅಪ್ಪ ಆಳಾಗಿ ನಿಂತರೆ ಮಗನೂ ಅದೇ ಸಾಲದ ಹೆಸರಿನಲ್ಲಿ ಆಳಾಗುತ್ತಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜೀತ. ಜೀತ ಬಿಟ್ಟು ಹೊರಡೋಣವೆಂದರೆ ಚೇರಿಯಲ್ಲಿ, ಅಂದರೆ ದಲಿತ ಕೇರಿಯಲ್ಲಿ, ಗುಡಿಸಲು ನಿಂತ ಜಾಗವೂ ಮಿರಾಸುದಾರನದೇ. ಎದುರು ಮಾತಾಡಿದವನ ಗುಡಿಸಲು ಮರುದಿನ ಇರುತ್ತದೆಂಬ ಖಾತ್ರಿ ಇರಲಿಲ್ಲ.

ಪಾಳು ಬಿದ್ದ ಸರ್ಕಾರಿ ಜಮೀನು ಆ ಸೀಮೆಯಲ್ಲಿ ಇತ್ತು, ದರಖಾಸ್ತು ಹಾಕಿ ಪಡೆಯುವ ನಿಯಮವೂ ಇತ್ತು. ದರಖಾಸ್ತು ಎಂಬ ಪದವನ್ನು ಕನ್ನಡದ ಯಾವ ರೈತನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಅಲ್ಲಿ ನಡೆಯುತ್ತಿದ್ದ ಬಗೆಯನ್ನು ತುಸು ಹತ್ತಿರದಿಂದ ನೋಡಬೇಕು. ಅಕ್ಷರ ಬಾರದ ಆಳು ಮೊದಲು ಪಾಳು ಜಮೀನಿನ ಸರ್ವೇ ನಂಬರು ಯಾವುದೆಂದು ತಿಳಿಯಬೇಕು. ಆ ನಂಬರಿರುವ ಪುಸ್ತಕ ಇರುವುದು ಊರ ಕರಣಂ ಬಳಿ, ಅಂದರೆ ನಮ್ಮ ಶಾನುಭೋಗರ ಬಳಿ. ಕರಣಂ ಮಿರಾಸುದಾರರ ಓಣಿಯವನು. ಹೇಗೋ ನಂಬರು ಸಿಕ್ಕಿ ಅರ್ಜಿ ತಹಶೀಲ್ದಾರರಿಗೆ ತಲುಪಿತೆನ್ನಿ. ಆಗ ಊರಿನಲ್ಲಿ ನೋಟೀಸು. ಆ ಜಮೀನು ನಮಗೇ ಬೇಕು ಎಂದು ಮಿರಾಸುದಾರ ಒಂದು ಮಾತು ಹೇಳಿದರೆ ಮುಗಿಯಿತು. ಮೊದಲ ಹಕ್ಕು ಅವನದು. ಹತ್ತಾರು ವರ್ಷ ಅವನು ನೇಗಿಲೂರದ ನೆಲಕ್ಕೆ ಆಳೊಬ್ಬ ಅರ್ಜಿ ಹಾಕಿದ ದಿನವೇ ಬೆಲೆ ಬರುತ್ತಿತ್ತು. ಜಮೀನು ಬೇಕೆಂಬ ಆಸೆಗಿಂತ ಆಳು ಕೈಬಿಟ್ಟಾನೆಂಬ ಭಯ ಅಲ್ಲಿ ದೊಡ್ಡದು. ಎರಡು ಎಕರೆ ಸ್ವಂತದ್ದಿರುವವನು ನಾಟಿಯ ಹೊತ್ತಿಗೆ ಕರೆದಾಗ ಓಡಿಬರಬೇಕಾಗಿಲ್ಲವಲ್ಲ. ಗೌಡಿ ಮತ್ತು ಅದೇ ಜಿಲ್ಲೆಯಲ್ಲಿದ್ದ ಸ್ಕಾಟಿಷ್ ಮಿಷನರಿ ಆಡಮ್ ಆಂಡ್ರ್ಯೂ ಈ ಗಂಟನ್ನು ಗುರುತಿಸಿದರು. ಗಂಜಿ ಹಾಕುವುದರಿಂದ, ಬಟ್ಟೆ ಹಂಚುವುದರಿಂದ ಇದು ಬಿಚ್ಚುವುದಿಲ್ಲವೆಂದು ಅರಿತು ಅರ್ಜಿ, ಮನವಿ, ಪತ್ರಿಕೆಯ ಲೇಖನಗಳ ದಾರಿ ಹಿಡಿದರು.

ಅದೇ ಹೊತ್ತಿಗೆ ಚೆಂಗಲ್ಪಟ್ಟಿನ ಕಲೆಕ್ಟರರಾಗಿದ್ದ ಜೆ.ಎಚ್.ಎ. ಟ್ರೆಮೆನ್‌ಹೀರ್ 1891ರಲ್ಲಿ ಜಿಲ್ಲೆಯ ಪರಯರ ಸ್ಥಿತಿಗತಿಯ ಮೇಲೆ ದೀರ್ಘ ಟಿಪ್ಪಣಿಯೊಂದನ್ನು ಮದ್ರಾಸ್ ಸರ್ಕಾರಕ್ಕೆ ಸಲ್ಲಿಸಿದರು. 1892ರ ಸೆಪ್ಟೆಂಬರ್ 30ರಂದು ಹೊರಟ 1010ನೇ ಸಂಖ್ಯೆಯ ರೆವಿನ್ಯೂ ಆದೇಶದ ಬುಡದಲ್ಲಿ ಈ ಟಿಪ್ಪಣಿಯೂ ಮಿಷನರಿಗಳ ಒತ್ತಾಯವೂ ಇವೆ. ದಲಿತರಿಗೆ ಪಾಳು ಜಮೀನು ಮಂಜೂರು ಮಾಡುವುದು, ಹಾಗೆ ಕೊಟ್ಟದ್ದನ್ನು ಬೇರೆ ಜಾತಿಯವರು ಕೊಂಡುಕೊಳ್ಳದಂತೆ ಷರತ್ತು ಹಾಕುವುದು, ಗುಡಿಸಲಿನ ಜಾಗಕ್ಕೆ ರಕ್ಷಣೆ ಕೊಡುವುದು ಆ ಕ್ರಮದ ತಿರುಳು. ತಮಿಳುನಾಡಿನಲ್ಲಿ ಇಂದಿಗೂ ಪಂಚಮಿ ಭೂಮಿ ಎಂದು ಕರೆಯುವುದು ಹೀಗೆ ಮಂಜೂರಾದ ಜಮೀನನ್ನು. ಒಟ್ಟು ಸುಮಾರು 12 ಲಕ್ಷ ಎಕರೆ ಎಂಬ ಲೆಕ್ಕ ಅಲ್ಲಿನ ಹೋರಾಟಗಾರರ ಬಾಯಲ್ಲಿದೆ. ಆದೇಶ ಹೊರಟ ಮೇಲೆ ಗೌಡಿ ಸುಮ್ಮನಾಗಲಿಲ್ಲ ಎಂಬುದನ್ನು ಗಮನಿಸಬೇಕು. 1894ರಲ್ಲಿ ಪರಯರು ಮತ್ತು ಭೂಮಿ ಎಂಬ ವಿಷಯದ ಮೇಲೆ ಅವರು ಬರೆದ ಲೇಖನ ‘ಹಾರ್ವೆಸ್ಟ್ ಫೀಲ್ಡ್’ ಎಂಬ ಮಾಸಪತ್ರಿಕೆಯಲ್ಲಿ ಬಂತು. ಆ ಪತ್ರಿಕೆಯನ್ನು ನಡೆಸುತ್ತಿದ್ದವರು ಮೈಸೂರು ಸೀಮೆಯ ವೆಸ್ಲಿಯನ್ ಮಿಷನರಿಗಳು, ಅವರಲ್ಲಿ ಮುಖ್ಯರು 1887ರಲ್ಲಿ ಕನ್ನಡದ ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದ ಹೆನ್ರಿ ಹೇಗ್. ತಿರುವಳ್ಳೂರಿನ ಚೇರಿಯ ಅಳಲು ಕನ್ನಡ ನಾಡಿನ ಮಿಷನರಿಗಳ ಪತ್ರಿಕೆಯಲ್ಲಿ ಅಚ್ಚಾಯಿತು. ನಮ್ಮ ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಈ ಕೊಂಡಿಯನ್ನು ಬಿಡಬಾರದು.

ಗೌಡಿಯವರನ್ನು ಮುಂದೆ ಲಂಡನ್ನಿನ ಮಿಷನ್ ಕೇಂದ್ರ ಕರೆಸಿಕೊಂಡಿತು. ಅಲ್ಲಿ ಕಾರ್ಯದರ್ಶಿಯ ಸ್ಥಾನ. ಭಾರತದಲ್ಲಿ ಕಾಲು ಶತಮಾನ ಸವೆಸಿದವನು ಅರವತ್ತು ದಾಟಿದ ಮೇಲೆ ತನ್ನ ನಾಡಿನ ತಂಪಿನಲ್ಲಿ ಕೂತು ನೆನಪುಗಳನ್ನು ಬರೆದಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವರು ಮದ್ರಾಸಿಗೆ ಹಿಂತಿರುಗಿದರು. 1922ರಲ್ಲಿ ಇಲ್ಲೇ ತೀರಿಕೊಂಡರು. ಹಿಂತಿರುಗಿದ್ದನ್ನು ತ್ಯಾಗವೆಂದು ಹಾಡಿ ಹೊಗಳುವುದು ಸುಲಭ. ಆದರೆ ಅದರ ಪ್ರಯೋಜನ ಬೇರೆ ಕಡೆ ಇದೆ. ಭೂಮಿಯ ವ್ಯವಹಾರದಲ್ಲಿ ನೆನಪೇ ಅರ್ಧ ಬಲ. ಯಾವ ಚೇರಿಯ ಅರ್ಜಿ ಎಲ್ಲಿ ನಿಂತಿತು, ಯಾವ ಮಂಜೂರಾತಿಗೆ ಯಾರು ತಕರಾರು ಹಾಕಿದರು, ಯಾವ ಕುಟುಂಬ ಬೆದರಿ ಹಿಂದೆ ಸರಿಯಿತು ಎಂಬ ಜ್ಞಾನ ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಕಲೆಕ್ಟರನಿಗೆ ಇರುವುದಿಲ್ಲ, ಹೊಸದಾಗಿ ಬಂದ ಹುಡುಗ ಪಾದ್ರಿಗೂ ಇರುವುದಿಲ್ಲ. ಒಂದೇ ಸೀಮೆಯಲ್ಲಿ ಬಾಳಿದ ಮುದುಕನಿಗೆ ಇರುತ್ತದೆ. ಪಾದ್ರಿಯನ್ನು ವರ್ಗದ ಮೇಲೆ ವರ್ಗ ಮಾಡುವ ಮೆಥಡಿಸ್ಟ್ ಪದ್ಧತಿಯ ದೊಡ್ಡ ಕೊರತೆಯನ್ನು ನಿವೃತ್ತರು ತುಂಬಬಲ್ಲರು, ಏಕೆಂದರೆ ಅವರಿಗೆ ಇನ್ನು ವರ್ಗವಿಲ್ಲ.

ಇಷ್ಟು ಹೇಳಿದ ಕೂಡಲೇ ಓದುಗರಲ್ಲಿ ಹಲವರ ಮನಸ್ಸಿಗೆ ಬರುವ ಮಾತು ಮತಾಂತರ. ಜಮೀನಿನ ಆಸೆ ತೋರಿಸಿ ಜನರನ್ನು ಚರ್ಚಿಗೆ ಸೆಳೆದದ್ದಲ್ಲವೇ? ಇದನ್ನು ತಳ್ಳಿಹಾಕಬಾರದು. ಗೌಡಿ ಮಿಷನರಿ; ಜನ ಕ್ರೈಸ್ತರಾಗಬೇಕೆಂದು ಬಯಸಿದರು, ಆ ಬಯಕೆಯನ್ನು ಮುಚ್ಚಿಟ್ಟವರಲ್ಲ. ಅವರ ಕಾಲದಲ್ಲಿ ತಿರುವಳ್ಳೂರು ಭಾಗದ ದಲಿತರು ಗುಂಪುಗುಂಪಾಗಿ ಚರ್ಚು ಸೇರಿದ್ದೂ ನಿಜ. ಗಂಜಿ ಪಡೆಯಲು ಮತ ಬದಲಿಸಬೇಕಾದರೆ ಅದು ಸೇವೆಯಲ್ಲ, ವ್ಯಾಪಾರ. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಹಾಗಾಗಿಯೇ ಹಕ್ಕಿನ ದಾರಿ ದಾನದ ದಾರಿಗಿಂತ ಮೇಲು ಎನ್ನುವುದು. ದಾನ ಕೊಡುವವನ ಕೈಯಲ್ಲಿರುತ್ತದೆ, ಅವನು ಷರತ್ತು ಹಾಕಬಲ್ಲ. 1892ರ ಆದೇಶ ಜಾತಿಯನ್ನು ನೋಡಿತೇ ಹೊರತು ಚರ್ಚಿನ ರಿಜಿಸ್ಟರನ್ನು ನೋಡಲಿಲ್ಲ. ಮಾರಿಯಮ್ಮನಿಗೆ ಪೊಂಗಲ್ ಇಡುವ ಕುಟುಂಬವೂ ಅದರಡಿ ಅರ್ಜಿ ಹಾಕಬಹುದಿತ್ತು. ಮಿಷನರಿ ಹಚ್ಚಿದ ದೀಪದ ಬೆಳಕು ಅವನ ಅಂಗಳ ದಾಟಿ ಹೋದದ್ದು ಹೀಗೆ. ಶಾಲೆಯ ಮಟ್ಟಿಗೂ ಹಾಗೇ. ಸೇಂಟ್ ಥಾಮಸ್ ಮೌಂಟಿನಲ್ಲಿ 1883ರಲ್ಲಿ ಹುಟ್ಟಿದ ಎಂ.ಸಿ. ರಾಜಾ ಓದಿದ್ದು ರಾಯಪೇಟೆಯ ವೆಸ್ಲಿ ಮಿಷನ್ ಶಾಲೆಯಲ್ಲಿ. ಅವರು ಕ್ರೈಸ್ತರಾಗಲಿಲ್ಲ. ಮದ್ರಾಸ್ ವಿಧಾನ ಪರಿಷತ್ತಿನಲ್ಲಿ ದಲಿತರ ಮೊದಲ ದನಿಗಳಲ್ಲಿ ಒಂದಾದರು, ಅಖಿಲ ಭಾರತ ಮಟ್ಟದ ನಾಯಕರಾದರು. ಶಾಲೆಯ ಹೊಸ್ತಿಲು ದಾಟಿದವರೆಲ್ಲ ಚರ್ಚಿನ ಹೊಸ್ತಿಲನ್ನೂ ದಾಟಲಿಲ್ಲ. ಇತ್ತ ಕ್ರೈಸ್ತರಾದ ದಲಿತರಿಗೆ ದಕ್ಕಿದ್ದೇನು? ಚರ್ಚಿನ ಒಳಗೂ ಜಾತಿ ಬೆನ್ನು ಬಿಡಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದಿಂದಾಗಿ ಪರಿಶಿಷ್ಟರ ಮೀಸಲಾತಿಯೂ ದೊರೆಯಲಿಲ್ಲ. ಇದೇ ದುಡಿಮೆಯನ್ನು ಕ್ರೈಸ್ತರಲ್ಲದವರೂ ದುಡಿದಿದ್ದಾರೆ. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು. ದಲಿತರಿಗೆ ಶಾಲೆ, ಮನೆ, ನೆಲ ಕೊಡಿಸಲು ಬಹಿಷ್ಕಾರ ಉಂಡವರು.

ಬಿಳಿಯ ಪಾದ್ರಿಗೆ ಬಿಳಿಯ ಕಲೆಕ್ಟರನ ಬಾಗಿಲು ತೆರೆದಿತ್ತು, ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಮತ್ತೊಂದು ಆಕ್ಷೇಪ. ಅದೂ ಸರಿಯೇ. ಆದರೆ ತೆರೆದ ಬಾಗಿಲಿನಲ್ಲಿ ಬಹುತೇಕ ಜನ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಗೌಡಿ ಆಳಿನ ಕೆಲಸಕ್ಕೆ ಹೋದರು. ಅಷ್ಟಲ್ಲದೆ ಆ ಸರ್ಕಾರದ ಕಂದಾಯ ನಿಂತಿದ್ದದ್ದೇ ಮಿರಾಸುದಾರರ ಗದ್ದೆಯ ಮೇಲೆ, ಮಿರಾಸುದಾರರ ಗದ್ದೆ ನಿಂತಿದ್ದದ್ದು ಆಳಿನ ಬೆನ್ನ ಮೇಲೆ. ಆಳಿಗೆ ನೆಲ ಕೊಡುವ ಆತುರ ಕಂದಾಯ ಇಲಾಖೆಗೆ ಇರಲಿಲ್ಲ. ನಾನು ಹೆಚ್ಚು ತೂಕದ್ದೆಂದು ಎಣಿಸುವ ಆಕ್ಷೇಪ ಬೇರೆಯದು: ಈ ಕತೆಯಲ್ಲಿ ದಲಿತರು ಎಲ್ಲಿ? ಅವರು ಪಾದ್ರಿಯ ದಾರಿ ಕಾಯುತ್ತ ಕೂತವರಲ್ಲ. ಅಯೋತಿ ದಾಸರು ಮದ್ರಾಸಿನಲ್ಲಿ ಆಗಲೇ ಸಂಘಟನೆ ಕಟ್ಟುತ್ತಿದ್ದರು. ಚೆಂಗಲ್ಪಟ್ಟು ಜಿಲ್ಲೆಯವರೇ ಆದ ರೆಟ್ಟೈಮಲೈ ಶ್ರೀನಿವಾಸನ್ 1893ರಲ್ಲಿ ‘ಪರಯನ್’ ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಮುಂದೆ ಅಂಬೇಡ್ಕರರ ಜೊತೆ ದುಂಡುಮೇಜಿನ ಸಭೆಗೆ ಹೋದರು. ಬೈಗುಳವಾಗಿದ್ದ ಹೆಸರನ್ನು ಪತ್ರಿಕೆಯ ತಲೆಬರಹದಲ್ಲಿ ಅಚ್ಚು ಹಾಕಿಸುವ ಎದೆಗಾರಿಕೆಯನ್ನು ಯಾವ ಮಿಷನ್ನೂ ಕಲಿಸಿಕೊಡಲಾರದು. ಕರಣಂ ನೋಡುತ್ತಿರುವಾಗ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಆಳಿನ ಧೈರ್ಯದ ಮುಂದೆ ಅರ್ಜಿ ಬರೆದುಕೊಟ್ಟವರ ಧೈರ್ಯ ಸಣ್ಣದು. ಪಾದ್ರಿಗೆ ಹೋಗಲು ಬೇರೆ ಊರಿತ್ತು, ಆಳಿಗೆ ಇರಲಿಲ್ಲ. ಸೇವೆ ಮಾಡುವವನ ಚರಿತ್ರೆಯನ್ನು ಈ ಅಳತೆಯಲ್ಲೇ ಬರೆಯಬೇಕು. ಅವನು ಜೊತೆಗಾರ, ಉದ್ಧಾರಕನಲ್ಲ.

ಮುದುಕರ ಸೇವೆಯನ್ನು ಕೊಂಡಾಡುತ್ತ ಸರ್ಕಾರದ ತಪ್ಪನ್ನು ಮುಚ್ಚಿದಂತಾಗುವುದಿಲ್ಲವೇ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಸರ್ಕಾರ ಮಾಡಬೇಕಾದ್ದನ್ನು ಪಾದ್ರಿಯೊಬ್ಬ ತನ್ನ ಕೈಯಿಂದ ಮಾಡಿ ಮುಗಿಸಿದರೆ ತಪ್ಪು ಮುಚ್ಚಿಹೋಗುತ್ತದೆ. ಸರ್ಕಾರವೇ ಮಾಡುವಂತೆ ಅರ್ಜಿಯ ಮೇಲೆ ಅರ್ಜಿ ಹಾಕಿಸಿದರೆ ತಪ್ಪು ಬಯಲಾಗುತ್ತದೆ. ಆದೇಶ ಹೊರಟಿತೆಂದು ಕೆಲಸ ಮುಗಿಯುವುದೂ ಇಲ್ಲ. ಪಂಚಮಿ ಭೂಮಿಯಲ್ಲಿ ಬಹುಪಾಲು ಕಾಲಕ್ರಮದಲ್ಲಿ ಬೇರೆಯವರ ಕೈ ಸೇರಿತು. ಸಾಲಕ್ಕೆ, ಬೆದರಿಕೆಗೆ, ಸುಳ್ಳು ಕ್ರಯಪತ್ರಕ್ಕೆ ಷರತ್ತುಗಳು ನಿಲ್ಲಲಿಲ್ಲ. 1994ರ ಅಕ್ಟೋಬರಿನಲ್ಲಿ ಚೆಂಗಲ್ಪಟ್ಟಿನ ಹತ್ತಿರದ ಕಾರಣೈ ಗ್ರಾಮದಲ್ಲಿ ದಲಿತರು ಇಂಥ ಭೂಮಿಯನ್ನು ಮರಳಿ ಪಡೆಯಲು ಹೋರಾಟಕ್ಕಿಳಿದಾಗ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು: ಜಾನ್ ಥಾಮಸ್ ಮತ್ತು ಏಳುಮಲೈ. ಒಬ್ಬರದು ಕ್ರೈಸ್ತ ಹೆಸರು, ಒಬ್ಬರದು ಹಿಂದೂ ಹೆಸರು. ಕೇಳಿದ್ದು ಒಂದೇ ನೆಲ. ಕರ್ನಾಟಕದವರು ಇದನ್ನು ಪಕ್ಕದ ರಾಜ್ಯದ ಸುದ್ದಿಯೆಂದು ಓದುವಂತಿಲ್ಲ. ನಮ್ಮಲ್ಲೂ ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾದದ್ದಕ್ಕೇ ಅಂಥ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ಬಹಳ ತಡವಾಗಿ ಅರ್ಜಿ ಹಾಕಿದಿರಿ ಎಂಬ ಕಾರಣಕ್ಕೆ ಕೋರ್ಟುಗಳಲ್ಲಿ ಪ್ರಕರಣಗಳು ಬಿದ್ದುಹೋಗತೊಡಗಿದಾಗ 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ತೊಡಕು ತೆಗೆಯಬೇಕಾಯಿತು. ತಡವಾಗುವುದೇಕೆ? ಮಂಜೂರಾತಿ ಪತ್ರ ಟ್ರಂಕಿನ ತಳದಲ್ಲಿದ್ದರೂ ಅದನ್ನು ಓದಿ ಹೇಳುವವರು ಮನೆಯಲ್ಲಿ ಇಲ್ಲದ್ದರಿಂದ.

ನಿವೃತ್ತರ ಮೇಲೆ ನಿಜವಾಗಿ ಹೊರಿಸಬೇಕಾದ ದೋಷ ಒಂದಿದೆ. ಕೆಲವರು ಹುದ್ದೆ ಬಿಡುತ್ತಾರೆ, ಕುರ್ಚಿ ಬಿಡುವುದಿಲ್ಲ. ಸಿ.ಎಸ್.ಐ.ನಲ್ಲಿ ಬಿಷಪ್ಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸಲು 2022ರಲ್ಲಿ ತಂದ ತಿದ್ದುಪಡಿ ಮದ್ರಾಸ್ ಹೈಕೋರ್ಟಿನಲ್ಲಿ ವ್ಯಾಜ್ಯವಾಯಿತು. ಚರ್ಚಿನ ಆಸ್ತಿ, ಶಾಲೆಗಳ ಆಡಳಿತ, ಚುನಾವಣೆಗಳ ಸುತ್ತ ನಡೆಯುವ ಇಂಥ ಜಗಳಗಳನ್ನು ಕಂಡ ಜನ ಪಾದ್ರಿಗಳ ಸೇವೆಯ ಮಾತನ್ನು ನಂಬದಿದ್ದರೆ ಅವರನ್ನು ದೂರಲಾಗದು. ಇದಕ್ಕೆ ಎದುರಾಗಿ ಇಡಬಹುದಾದ ಉದಾಹರಣೆ ಅದೇ ಮದ್ರಾಸಿನದು. ಲೆಸ್ಲಿ ನ್ಯೂಬಿಗಿನ್ ಮೂಲತಃ ಮೆಥಡಿಸ್ಟರಲ್ಲ, ಪ್ರೆಸ್ಬಿಟೇರಿಯನ್ನರು. ಆದರೆ 1965ರಿಂದ 1974ರವರೆಗೆ ಮದ್ರಾಸಿನ ಬಿಷಪ್ಪರಾಗಿ ರಾಯಪೇಟೆಯ ಹಳೆಯ ಮೆಥಡಿಸ್ಟ್ ಸಭೆಗಳಿಗೂ ಹಿರಿಯರಾಗಿದ್ದವರು. 65ರ ಹೊಸ್ತಿಲಲ್ಲಿ ಹುದ್ದೆ ಬಿಟ್ಟರು. ಹೆಂಡತಿಯೊಡನೆ ಎರಡು ಸೂಟ್‌ಕೇಸು, ಒಂದು ಬೆನ್ನಚೀಲ ಹಿಡಿದು, ಸಿಕ್ಕ ಬಸ್ಸುಗಳನ್ನು ಹತ್ತಿ ನೆಲದ ದಾರಿಯಿಂದಲೇ ಇಂಗ್ಲೆಂಡಿಗೆ ಹೋದರು. ಕೆಲ ವರ್ಷ ಪಾಠ ಹೇಳಿದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್ ಎಂಬ ಬಡ ಬಡಾವಣೆಯಲ್ಲಿ ಜೈಲಿನ ಎದುರಿಗಿದ್ದ, ಮುಚ್ಚಿಹೋಗಲಿದ್ದ ಸಣ್ಣ ಚರ್ಚಿನ ಪಾದ್ರಿಯಾದರು. ಬಿಷಪ್ಪನಾಗಿದ್ದವನು ಮತ್ತೆ ಬರಿಯ ಪಾದ್ರಿಯಾಗುವುದು, ಜಿಲ್ಲಾಧಿಕಾರಿಯಾಗಿದ್ದವರು ಮತ್ತೆ ಗ್ರಾಮ ಲೆಕ್ಕಿಗರ ಮೇಜಿನಲ್ಲಿ ಕೂತಂತೆ.

ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಬದುಕು ರೆವರೆಂಡ್ ಉತ್ತಂಗಿ ಚನ್ನಪ್ಪನವರದು. ಅವರು ಬಾಸೆಲ್ ಮಿಷನ್ನಿನ ಪಾದ್ರಿ. ‘ತಿರುಳ್ಗನ್ನಡದ ತಿರುಕ’ ಎಂದು ನಾಡು ಕರೆದದ್ದು ಅವರನ್ನೇ. ಊರೂರು ಅಲೆದು ಓಲೆಗರಿಗಳಿಂದ, ಜನರ ಬಾಯಿಂದ ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಮಿಷನ್ ಸೇವೆಯಿಂದ ಬಿಡುಗಡೆಯಾದ ಮೇಲೂ ಕೈ ನಿಲ್ಲಲಿಲ್ಲ: 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಆಮೇಲೆ ಅನುಭವ ಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದ ಗ್ರಂಥ, ಸಿದ್ಧರಾಮನ ಸಾಹಿತ್ಯದ ಸಂಪಾದನೆ. ಕ್ರೈಸ್ತ ಪಾದ್ರಿಯೊಬ್ಬರು ಮುಪ್ಪಿನ ವರ್ಷಗಳನ್ನು ಶರಣರ ಮಂಟಪ ನಿಜವಾಗಿ ಇತ್ತೆಂದು ಸಾಧಿಸಲು ಸವೆಸಿದರು. ಭೂಮಿಯ ಬದಲು ಇಲ್ಲಿ ನುಡಿಯ ಆಸ್ತಿ. ಆದರೆ ರೀತಿ ಅದೇ. ಚದುರಿಹೋದದ್ದನ್ನು ಹುಡುಕಿ, ದಾಖಲೆ ಮಾಡಿ, ಅದರ ವಾರಸುದಾರರ ಕೈಗೆ ಕೊಡುವುದು.

ಚೆನ್ನೈಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ನಿವೃತ್ತ ಪಾದ್ರಿಗಳಿಗೆ ಸಾಮಾನ್ಯವಾಗಿ ಉಳಿಯುವ ಕೆಲಸ ಮದುವೆಯ ಆಶೀರ್ವಾದ, ಸಾವಿನ ಮನೆಯ ಪ್ರಾರ್ಥನೆ, ಆಸ್ಪತ್ರೆಯ ಭೇಟಿ. ಅವು ಬೇಡವೆಂದಲ್ಲ; ಒಂಟಿ ರೋಗಿಯ ಪಕ್ಕ ಕೂರುವುದಕ್ಕಿಂತ ದೊಡ್ಡ ಕೆಲಸ ಎಷ್ಟೋ ದಿನಗಳಲ್ಲಿ ಇರುವುದಿಲ್ಲ. ಆದರೆ ಓದು ಬರಹ ಬಲ್ಲ, ನಾಲ್ಕು ಊರು ತಿಳಿದ, ಜನ ನಂಬುವ ಇಂಥ ಹಿರಿಯರನ್ನು ಅಷ್ಟಕ್ಕೇ ನಿಲ್ಲಿಸುವುದು ನಷ್ಟ. ಈ ಮಾತು ಪಾದ್ರಿಗಳಿಗಷ್ಟೇ ಅಲ್ಲ. ಈ ಲೇಖನ ಓದುತ್ತಿರುವವರಲ್ಲಿ ನಿವೃತ್ತ ಶಿರಸ್ತೇದಾರರಿದ್ದೀರಿ, ಸರ್ವೇಯರುಗಳಿದ್ದೀರಿ, ಮೇಷ್ಟ್ರುಗಳಿದ್ದೀರಿ, ವಕೀಲರ ಗುಮಾಸ್ತರಿದ್ದೀರಿ. ನಿಮ್ಮ ಊರಿನ ಕಾಲೋನಿಯಲ್ಲಿ ಯಾರದೋ ಟ್ರಂಕಿನ ತಳದಲ್ಲಿ ಹಳದಿಗಟ್ಟಿದ ಮಂಜೂರಾತಿ ಪತ್ರವೊಂದು ಮಡಿಕೆ ಬಿಚ್ಚದೆ ಬಿದ್ದಿರುತ್ತದೆ. ಒಂದು ಮಧ್ಯಾಹ್ನ ಹೋಗಿ ಅದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಅದರಲ್ಲಿರುವ ಸರ್ವೇ ನಂಬರನ್ನು ಇವತ್ತಿನ ಪಹಣಿಯೊಂದಿಗೆ ತಾಳೆ ನೋಡಿ. ಹೆಸರು ಬದಲಾಗಿದ್ದರೆ ಉಪವಿಭಾಗಾಧಿಕಾರಿಗೆ ಕೊಡುವ ಅರ್ಜಿಯನ್ನು ಅವರ ಜೊತೆ ಕೂತು ಬರೆಯಿರಿ.